ಉಳದ ಹೊಲದ ಗೋಧಿ

ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಂಡವರ ಹೊಲಗಳನ್ನು ಬೈಯುವ ಮನುಷ್ಯ ನನ್ನ ಆಯುಷ್ಯದಲ್ಲಿ ಒಬ್ಬರೇ ಸಿಕ್ಕಿದ್ದಾರೆ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸು. ಅವರು ಕಿಟಕಿಯ ಪಕ್ಕ, ನಾನು ಈಚೆಗೆ, ನಡುವೆ ಅವರ ಹೆಂಡತಿ. ಹೊಸದಾಗಿ ಉತ್ತ ಹೊಲವೊಂದು ಕಂಡಿತೋ ಇಲ್ಲವೋ, ಶುರು.

“ಅಯ್ಯಯ್ಯೋ, ನೋಡ್ರೀ ಟೀಚರ್ ಅಲ್ಲಿ! ಅದು ಉಳುಮೆ ಏನ್ರೀ? ಎಮ್ಮೆ ಹೊರಳಾಡಿದಂಗೈತೆ. ಮಣ್ಣಿನ ಹೆಂಟೆ ನೋಡ್ರಿ, ಒಂದೊಂದು ತೆಂಗಿನಕಾಯಿ ಗಾತ್ರ ಅದಾವೆ. ಯಾವನ್ರೀ ಇವನಿಗೆ ಟ್ರ್ಯಾಕ್ಟರ್ ಕೊಟ್ಟೋನು?”

ಆ ಹೊಲದವನೇ ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದರೆ ಏನು ಗತಿ ಎಂದು ನಾನು ಹೆದರುತ್ತಿದ್ದೆ. ಒಮ್ಮೆ ಹಾಗೂ ಆಯಿತು. ಆ ಪುಣ್ಯಾತ್ಮ ಎದ್ದು ಬಂದು ಜಗಳ ಆಡುವ ಬದಲು, “ಮಾವ, ಬರೋ ವರ್ಷ ನೀವೇ ಬಂದು ಹೊಡ್ಕೊಡ್ರಿ ಮತ್ತೆ” ಅಂದ. ಇವರು ಅಲ್ಲಿಂದ ಸೊರಬದ ತನಕ ಮೀಸೆ ತಿರುವಿಕೊಂಡೇ ಬಂದರು.

ಹೆಸರು ಬರೆಯುವುದಿಲ್ಲ. ಮನುಷ್ಯ ಗಟ್ಟಿಮುಟ್ಟಾಗಿದ್ದಾರೆ, ಈ ಬರಹ ಯಾರಾದರೂ ಓದಿ ಹೇಳಿದರೆ ಸೀದಾ ನನ್ನ ಮನೆಗೇ ಬಂದು ಪಂಚಾಯ್ತಿ ತೆಗೆಯುತ್ತಾರೆ. ಹೇಗೂ ಊರಿನಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ಊರವರ ಹೊಲ ಉತ್ತುಕೊಡುತ್ತಿದ್ದ ಅವರು ಎಲ್ಲರಿಗೂ ಮಾವ. ಅವರಿಗಿಂತ ಹಿರಿಯರೂ ಮಾವ ಎಂದೇ ಕರೆಯುತ್ತಿದ್ದರು. ಬಳ್ಳಿಗಾವಿಗೆ ಹತ್ತಿರದ ಆ ಊರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡಿಕೊಂಡಿದ್ದಾಗ ಅವರ ಪಕ್ಕದ ಮನೆ ಬಾಡಿಗೆಗೆ ಹಿಡಿದಿದ್ದೆ. ಬಂದ ಮೊದಲ ವಾರದಲ್ಲೇ ನಾನೂ ಮಾವ ಅನ್ನತೊಡಗಿದೆ. ಅವರ ಹೆಂಡತಿ ಸೊರಬದ ಕಡೆಯವರು, ನನಗೆ ಅಕ್ಕ.

ಈಗ ನಾನು ವರ್ಗವಾಗಿ ಸೊರಬಕ್ಕೆ ಬಂದಿದ್ದೇನೆ. ಕಳೆದ ತಿಂಗಳು ಮಾವನ ಫೋನು ಬಂತು. “ಟೀಚರ್, ಟ್ರ್ಯಾಕ್ಟರಿಂದ ಇಳಿದುಬಿಟ್ಟೆ ನೋಡ್ರಿ. ಮಂಡಿ ಹೇಳಿದ್ ಮಾತು ಕೇಳ್ತಿಲ್ಲ. ಸಾಕು ಅನ್ನಿಸ್ತು.” ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರೇ, “ಏನ್ ಬೇಜಾರಿಲ್ಲ ಬಿಡ್ರಿ, ಇನ್ಮೇಲೆ ಬಸ್ಸಿನಾಗೆ ಆರಾಮಾಗಿ ಓಡಾಡ್ತೀನಿ” ಅಂದರು. ಆ ದಾರಿಯ ಹೊಲದವರನ್ನು ದೇವರೇ ಕಾಪಾಡಬೇಕು ಎಂದುಕೊಂಡು, ಫೋನಿಟ್ಟ ಮೇಲೆ ಒಬ್ಬಳೇ ಕೂತು ನಕ್ಕೆ.

ಅವರ ಉಳುಮೆಯ ಹುಚ್ಚು ಹೇಳತೀರದು. ಬೆಳಿಗ್ಗೆ ತಾನು ಸ್ನಾನ ಮಾಡುವ ಮೊದಲು ಟ್ರ್ಯಾಕ್ಟರಿಗೆ ಸ್ನಾನ. ಹೆಗಲ ಮೇಲಿನ ಟವೆಲ್ಲಿನಿಂದ ಮೊದಲು ಬಾನೆಟ್ ಒರೆಸಿ ಆಮೇಲೆ ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದರು. ಹೊಲಕ್ಕೆ ಇಳಿದರೆ ಮೊದಲು ನೇಗಿಲು, ಆಮೇಲೆ ಕಲ್ಟಿವೇಟರ್, ಆಮೇಲೆ ಮಣ್ಣು ಪುಡಿ ಮಾಡುವ ರೋಟವೇಟರ್, ಅದೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ನಿಂಬೆಹಣ್ಣಿಗಿಂತ ದೊಡ್ಡ ಹೆಂಟೆ ಕಂಡರೆ ಮತ್ತೆ ತಿರುಗಿ ಹೋಗುತ್ತಿದ್ದರು, ಹೊಲದವನು ಸಾಕು ಸಾಕು ಎಂದರೂ ಬಿಡುತ್ತಿರಲಿಲ್ಲ. ಎಲ್ಲಾ ಮುಗಿದ ಮೇಲೆ ಕೆಳಗಿಳಿದು ಒಂದು ಹಿಡಿ ಮಣ್ಣು ಅಂಗೈಗೆ ಹಾಕಿಕೊಂಡು ಉಫ್ ಎಂದು ಊದುವರು. ಮಣ್ಣು ಹೊಗೆಯಾಗಿ ಹಾರಿದರೆ ಅವರ ಮುಖ ಅರಳುತ್ತಿತ್ತು.

“ಹಿಟ್ಟು ನೋಡ್ರಿ, ಹಿಟ್ಟು! ಜರಡಿ ಹಿಡಿಯೋದೇ ಬ್ಯಾಡ.”

ಊಟಕ್ಕೆ ಕೂತರೂ ಅದೇ. ಎಲೆಯ ಮೇಲಿನ ಅನ್ನದಲ್ಲಿ ಬೆರಳಿನಿಂದ ನೇರ ಸಾಲು ಹೊಡೆದು, ಹೆಂಡತಿ ಸಾರು ತರುವ ತನಕ ಅದನ್ನೇ ನೋಡುತ್ತಾ ಕೂರುವರು. ಸಾರು ಸಾಲಿನ ತುದಿ ಮುಟ್ಟಿದರೆ ತೃಪ್ತಿ. ಅಕ್ಕನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. “ಅನ್ನಕ್ಕಾದ್ರೂ ಪುರುಸೊತ್ತು ಕೊಡಿ ಮಾರಾಯ್ರೆ” ಅನ್ನುವರು. ಮಾವ ಬಿಡುವರೇ? “ನಿಮ್ಮೂರಾಗೆ ಬೇಸಾಯ ಅಂದ್ರೆ ಗದ್ದೆ ಕೊಯ್ದ ಮೇಲೆ ಕೂಳೆ ಮೇಲೇ ಉದ್ದು ಎರಚಿ ಮಲಗೋದು. ನಿಂಗೇನ್ ಗೊತ್ತು ಉಳುಮೆ!” ದಿನವೂ ಇದೇ ಜಗಳ. ಅದು ಕೇಳಿಸದ ದಿನ ನನಗೆ ಊಟ ರುಚಿಸುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಜಗಳ ಆಡುತ್ತಿದ್ದರು.

ಅವರ ಒಬ್ಬಳೇ ಮಗಳನ್ನು ಹಿರೇಕೆರೂರು ಕಡೆಗೆ ಕೊಟ್ಟಿದ್ದರು. ಅವಳು ಬಸುರಿಯಾದ ಸುದ್ದಿ ಬಂದಾಗ ಮಾವ ಮತ್ತು ಅಕ್ಕ ನೋಡಲು ಹೋದರು. ಬೀಗರು ಗೋಧಿ ಹುಗ್ಗಿ ಮಾಡಿಸಿ ಬಡಿಸಿದರು. ಹಿಂಗಾರಿಗೆ ಅವರದು ಗೋಧಿ ಬೆಳೆಯುವ ಊರು. ಉಣ್ಣುವಾಗ ಬೀಗರು ನಗೆಚಾಟಿಕೆಗೆ ಕೇಳಿದರಂತೆ, “ನಿಮ್ಮ ಕಡೆ ಬರೇ ಮೆಕ್ಕೆಜೋಳ ಅಲ್ರೀ ಬೀಗರ? ಗೋಧಿ ನೋಡಬೇಕಂದ್ರ ಇಲ್ಲಿಗೇ ಬರಬೇಕು ನೀವು!” ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಕೈಯಲ್ಲಿದ್ದ ತುತ್ತು ಎಲೆಯ ಮೇಲಿಟ್ಟು ಹೇಳಿದರು: “ಬೀಗ್ರೆ, ಮೊಮ್ಮಗುವಿನ ತೊಟ್ಟಿಲ ದಿನ ನನ್ನ ಹೊಲದ ಗೋಧೀಲೇ ನಿಮಗೆಲ್ಲ ಹುಗ್ಗಿ ಉಣಿಸ್ತೀನಿ. ಇಲ್ಲಾಂದ್ರೆ ಈ ಮೀಸೆ ತೆಗೆಸಿ ಬಾಣಂತಿ ಕೋಣೆ ಬಾಗಿಲಿಗೆ ಬರ್ತೀನಿ.”

ಈ ಮಾತು ಬೀಗರ ಮನೆ ತುಂಬ ಜನ ಕೇಳಿದರು. ಮಾವ ಬಸ್ಸು ಹತ್ತಿ ಊರಿಗೆ ಬರುವ ಹೊತ್ತಿಗೆ ಅದು ಫೋನಿನಲ್ಲಿ ನಮ್ಮೂರಿಗೂ ಬಂದಿತ್ತು. ಆ ಮೀಸೆಯನ್ನು ನೋಡದವರಿಗೆ ಇದರ ತೂಕ ತಿಳಿಯುವುದಿಲ್ಲ. ಅದನ್ನು ಬಾಚಲು ಅವರ ಜೇಬಿನಲ್ಲಿ ಒಂದು ಪುಟ್ಟ ಬಾಚಣಿಗೆಯೇ ಬೇರೆ ಇರುತ್ತಿತ್ತು.

ಅವರದು ರಸ್ತೆ ಪಕ್ಕದ ಎರೆ ಹೊಲ. ಅಂಬ್ಲಿಗೊಳ ಜಲಾಶಯದ ಕಾಲುವೆ ನೀರು ಆ ಹೊಲಕ್ಕಿಂತ ತಗ್ಗಿನಲ್ಲಿ ಹರಿದುಹೋಗುತ್ತಿತ್ತು, ಮೇಲೆ ಹತ್ತುತ್ತಿರಲಿಲ್ಲ. ಆ ವರ್ಷ ಮಳೆಯೂ ಬೇಗ ಕೈಕೊಟ್ಟಿತು. ಮೆಕ್ಕೆಜೋಳ ಮುರಿದಾದ ಮೇಲೆ ಗೋಧಿಗೆ ಉಳಿದದ್ದು ಮಣ್ಣಿನೊಳಗಿದ್ದ ಹಸಿಯೊಂದೇ. ಅದರಲ್ಲೇ ಮೊಳೆಯಬೇಕು, ಅದರಲ್ಲೇ ತೆನೆ ಕಟ್ಟಬೇಕು. ಭೂಮಿ ಹುಣ್ಣಿಮೆಯ ಹಿಂದಿನ ದಿನ ಮಾವ ಟ್ರ್ಯಾಕ್ಟರ್ ಇಳಿಸಿದರು. ರಸ್ತೆಯ ಕಡೆಯ ಅರ್ಧವನ್ನು ಕೊನೆಗೆ ಇಟ್ಟುಕೊಂಡರು. ಓಡಾಡುವವರ ಕಣ್ಣಿಗೆ ಬೀಳುವ ಜಾಗ, ಅಲ್ಲಿ ಕೈಚಳಕ ತೋರಿಸಬೇಕು ನೋಡಿ! ಹಿಂದಿನ ಅರ್ಧವನ್ನು ಉದ್ದಕ್ಕೆ ಅಡ್ಡಕ್ಕೆ ಹೊಡೆದು ಹಿಟ್ಟು ಮಾಡುವಷ್ಟರಲ್ಲಿ ಹೊತ್ತು ಮುಳುಗಿತು.

ಮರುದಿನ ಹಬ್ಬ. ಭೂಮಿ ಹುಣ್ಣಿಮೆಯೆಂದರೆ ನಮ್ಮ ಕಡೆ ಭೂಮಿತಾಯಿಗೆ ಬಯಕೆಯ ಊಟ. ಪೈರು ಹೊತ್ತ ಭೂಮಿ ಬಸುರಿ, ಅವಳಿಗೆ ಕಡುಬು, ಕಜ್ಜಾಯ, ಸೊಪ್ಪು ಎಲ್ಲ ಮಾಡಿ ಬಡಿಸಬೇಕು. ಅಕ್ಕ ತವರಿನ ಪದ್ಧತಿಯಂತೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ರ ಬರೆದು, ಅದರ ತುಂಬ ಅಡುಗೆ ಹೊರಿಸಿಕೊಂಡು ಹೊಲಕ್ಕೆ ಬಂದರು. ಹಬ್ಬಕ್ಕೆ ಬಂದಿದ್ದ ಮಗಳೂ ಇದ್ದಳು, ಹೊಟ್ಟೆ ಆಗಲೇ ಚೆನ್ನಾಗಿ ಕಾಣುತ್ತಿತ್ತು. ಕರೆದಿದ್ದರು ಎಂದು ನಾನೂ ಹೋಗಿದ್ದೆ, ಕಡುಬಿನ ಆಸೆಗೆ ಎಂದರೂ ತಪ್ಪಿಲ್ಲ.

ಪೂಜೆಯಾಯಿತು, ಹೊಲಕ್ಕೆ ಎಡೆ ಬೀರಿಯಾಯಿತು. ಆಗ ಒಂದು ಗಾಳಿ ಬಂತು ನೋಡಿ, ಹಿಂದಿನ ಅರ್ಧದ ಹಿಟ್ಟೆಲ್ಲ ಎದ್ದು ನಮ್ಮ ಕಡುಬಿನ ಮೇಲೆ ಕೂತಿತು.

“ಇದೆಂತ ಮಾಡಿಟ್ಟಿದೀರಿ?” ಅಂದರು ಅಕ್ಕ.

“ಹಿಟ್ಟು!” ಅಂದರು ಮಾವ, ಹೆಮ್ಮೆಯಿಂದ. “ನಾಳೆ ಈ ಕಡೇದೂ ಹಿಂಗೇ ಮಾಡ್ತೀನಿ.”

“ನಾಳೆ ಇಲ್ಲ. ನಾಡಿದ್ದೂ ಇಲ್ಲ. ನಿನ್ನೆ ಆದದ್ದು ಆಯ್ತು. ಇವತ್ತು ಬಯಕೆ ಊಟ ಹಾಕಿ, ನಾಳೆ ಬಸುರಿ ಹೊಟ್ಟೆ ಮೇಲೆ ಗಾಲಿ ಹತ್ತಿಸ್ತೀರನ? ಈ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯೋ ಹಂಗಿಲ್ಲ, ಹೇಳಿಬಿಟ್ಟೀನಿ.”

“ಎಲ್ಲಿ ತಂಕ?”

“ಇವಳ ಹೆರಿಗೆ ಆಗೋ ತಂಕ.”

“ಅದಕ್ಕೂ ಇದಕ್ಕೂ ಏನೇ ಸಂಬಂಧ? ನಿಮ್ಮೂರೋರೂ ಹಬ್ಬ ಆದ್ಮೇಲೆ ಉಳಲ್ವಾ?”

“ನಮ್ಮೂರೋರ ಮಗಳು ಇಲ್ಲಿ ಹೊಟ್ಟೆ ಹೊತ್ಕೊಂಡು ನಿಂತಿಲ್ಲ.”

ಮಾವ ಮಗಳ ಕಡೆ ನೋಡಿದರು. ಅವಳು ಕಡುಬು ಅಗಿಯುತ್ತಾ, “ಬ್ಯಾಡ ಬಿಡಪ್ಪ, ನಂಗೂ ಒಂಥರಾ ಆಗ್ತದೆ” ಅಂದಳು. ಆಮೇಲೆ ನನ್ನ ಕಡೆ ತಿರುಗಿದರು. “ಟೀಚರ್, ನೀವು ಸೈನ್ಸ್ ಓದಿದೋರು, ಒಂದ್ ಮಾತು ಹೇಳ್ರಲ್ಲ.” ನನ್ನ ಬಾಯಿಯಲ್ಲೂ ಕಡುಬಿತ್ತು. ಅಕ್ಕನ ಮುಖ ನೋಡಿದೆ. ಇನ್ನೊಂದು ಕಡುಬು ತೆಗೆದುಕೊಂಡೆ.

ಹಾಗಾಗಿ ರಸ್ತೆಯ ಕಡೆಯ ಅರ್ಧ ಉಳದೇ ಉಳಿಯಿತು. ಮೆಕ್ಕೆಜೋಳದ ಮೋಟು ಕೂಳೆ ನಿಂತ ಹಾಗೇ ನಿಂತಿತ್ತು, ಒಣಗರಿಯ ರವದಿ ಬಿದ್ದ ಹಾಗೇ ಬಿದ್ದಿತ್ತು. ಎತ್ತಿನ ಕಾಲು ಹಗುರ ಎಂದು ಅಕ್ಕ ಅಪ್ಪಣೆ ಕೊಟ್ಟ ಮೇಲೆ ಮಾವ ಯಾರದೋ ಜೋಡಿ ಕಡ ತಂದು, ಎರಡೂ ಅರ್ಧಕ್ಕೆ ಕೂರಿಗೆಯಲ್ಲಿ ಒಂದೇ ದಿನ ಬಿತ್ತನೆ ಮುಗಿಸಿದರು. ಕೂಳೆಗಳ ನಡುವೆ ಕೂರಿಗೆ ಹಿಡಿದು ಹೋಗುವಾಗ ಟವೆಲ್ಲನ್ನು ತಲೆಗೆ ಸುತ್ತಿ ಮುಖ ಅರ್ಧ ಮುಚ್ಚಿಕೊಂಡಿದ್ದರು. ಬಿಸಿಲಿಗೆ ಎಂದರು. ಬಿಸಿಲೆಲ್ಲಿತ್ತು? ಶಿಕಾರಿಪುರದ ಬಸ್ಸು ಬರುವ ಹೊತ್ತಾಗಿತ್ತು, ಅಷ್ಟೇ.

ಮುಂದಿನ ಕೆಲವು ವಾರ ಮಾವನ ಪಾಡು ನೋಡಲಾಗುತ್ತಿರಲಿಲ್ಲ. ಊರಿಗೆಲ್ಲ ಹಿಟ್ಟು ಮಾಡಿಕೊಡುವವರ ಸ್ವಂತ ಹೊಲ, ಅದೂ ರಸ್ತೆ ಬದಿಯಲ್ಲಿ, ಅರೆಬರೆ ಕ್ಷೌರವಾದ ಗಡ್ಡದ ಹಾಗೆ. ಹೋಗುವವರು ಬರುವವರು ಕೇಳದೆ ಇರುತ್ತಾರೆಯೇ? “ಏನ್ ಮಾವ, ಡೀಸೆಲ್ ಖಾಲಿ ಆಯ್ತಾ?” ಒಂದು ದಿನ ತಡೆಯಲಾರದೆ ಅವರ ಬಾಯಿಂದ ಬಂದುಬಿಟ್ಟಿತು. “ಅದು ನಾನು ಮಾಡಿದ್ದಲ್ಲ. ಆ ಅರ್ಧ ಲಾವಣಿಗೆ ಕೊಟ್ಟೀನಿ, ಸೊರಬದ ಕಡೆಯೋರಿಗೆ. ಅವರ ಬೇಸಾಯ ಹಂಗೆ.” ಕೇಳಿದವನು ನಂಬಿದ. ಮಾವನಿಗೆ ಹಾಯೆನಿಸಿತು. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ಗೇಣಿಗೆ ಹಿಡಿದ ಆ ಸೊರಬದವನಿಗೆ ಊರಿನವರು ಒಂದು ಕುಂಟು ಕಾಲನ್ನೂ ಇಬ್ಬರು ಹೆಂಡಿರನ್ನೂ ಕಟ್ಟಿಕೊಟ್ಟರು.

ಬಿತ್ತಿ ನಾಲ್ಕಾರು ದಿನಕ್ಕೆ ಒಂದು ತುಂತುರು ಮಳೆ ಬಂದು ಹೋಯಿತು, ಆಮೇಲೆ ಬಿರುಬಿಸಿಲು. ಅದರ ಮುಂದಿನ ಭಾನುವಾರ ಮಾವನ ಜೊತೆ ಹೊಲಕ್ಕೆ ಹೋಗಿದ್ದೆ. ಹಿಟ್ಟಿನ ಅರ್ಧ ರೊಟ್ಟಿಯ ಹಂಚಿನ ಹಾಗೆ ಹಪ್ಪಳಗಟ್ಟಿತ್ತು. ಮೊಳಕೆ ಅದನ್ನು ಒಡೆದು ಮೇಲೆ ಬರಲಾರದೆ ಅಲ್ಲೊಂದು ಇಲ್ಲೊಂದು ಎದ್ದಿತ್ತು. ನನ್ನ ಛತ್ರಿಯ ತುದಿ ಊರಿದರೆ ಟಣ್ ಅಂದಿತು. ಈಚೆಗೆ ಬಂದು ಕೂಳೆಯ ನಡುವೆ ಊರಿದೆ, ಮೆತ್ತಗೆ ಒಳಗೆ ಹೋಯಿತು. ರವದಿ ಸರಿಸಿದರೆ ಕೆಳಗೆ ಮಣ್ಣು ಕಪ್ಪಗೆ ಹಸಿಯಾಗಿತ್ತು, ಸಸಿ ಸಾಲಾಗಿ ಎದ್ದಿದ್ದವು. ತರಗೆಲೆಯ ಮುಚ್ಚಿಗೆಯಿಂದ ಬಿಸಿಲು ನೇರ ತಾಗಿರಲಿಲ್ಲ, ಮಣ್ಣು ತಿರುವಿ ಹಾಕದ ಕಾರಣ ಒಳಗಿನ ಹಸಿ ಒಳಗೇ ಇತ್ತು. ಒಂಬತ್ತನೇ ಕ್ಲಾಸಿಗೆ ಆವಿಯಾಗುವಿಕೆ ಪಾಠ ಮಾಡುವ ನನಗೂ ಅದು ಹೊಳೆದದ್ದು ಛತ್ರಿ ಊರಿದ ಮೇಲೆಯೇ.

“ಮಾವ, ಹಿಟ್ಟು ಮಾಡಿದಷ್ಟೂ ಹಸಿ ಹಾರಿಹೋಗ್ತದೆ ಅನ್ಸುತ್ತೆ” ಅಂದೆ.

“ಸುಮ್ನಿರ್ರಿ ಟೀಚರ್” ಅಂದರು. “ಯಾರಾದ್ರೂ ಕೇಳಿಸ್ಕೊಂಡಾರು.”

ಆಮೇಲೆ ದಿನಾ ಬೆಳಿಗ್ಗೆ ಟ್ರ್ಯಾಕ್ಟರ್ ಒರೆಸುವ ಮೊದಲೇ ಆ ಕೂಳೆಯ ಹೊಲಕ್ಕೆ ಹೋಗಿ ಬರುವರು. ಬಸ್ಸಿನ ಸದ್ದು ಕೇಳಿದರೆ ಬೆನ್ನು ತಿರುಗಿಸಿ, ಯಾರದೋ ಹೊಲದಲ್ಲಿ ಮೂತ್ರಕ್ಕೆ ನಿಂತವರ ಹಾಗೆ ನಿಲ್ಲುವರು. ಅಲ್ಲಿ ಗೋಧಿ ಮೊಣಕಾಲು ದಾಟಿ, ತೊಡೆಗೆ ಬಂದು, ತೆನೆ ಕಟ್ಟಿತು. ಹಿಂದಿನ ಅರ್ಧ ಹಸಿ ಸಾಲದೆ ಬಿರುಕುಬಿಟ್ಟು, ಗೇಣುದ್ದ ಬೆಳೆದು, ಅವಸರಕ್ಕೆ ಹಣ್ಣಾಯಿತು.

ಜನವರಿಯಲ್ಲಿ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಮಾವ ಕುಣಿದಾಡಿಬಿಟ್ಟರು. ನಮ್ಮ ಹೈಸ್ಕೂಲಿಗೆ ಪೇಡಾದ ಬುಟ್ಟಿ ಹೊತ್ತು ತಂದು, ಪಾಠ ನಡೆಯುತ್ತಿದ್ದ ಕ್ಲಾಸಿಗೇ ನುಗ್ಗಿ ಹಂಚಿದರು. ತೊಟ್ಟಿಲ ದಿನ ಗೊತ್ತಾಯಿತು. ಹಿಂದಿನ ಅರ್ಧದ ಗೋಧಿ ಕೊಯ್ದು ಬಡಿದರು. ಬಂದದ್ದು ಸ್ವಲ್ಪ, ಅದರಲ್ಲೂ ಕಾಳು ಮುದುರಿ ಜೀರಿಗೆಯಂತಿತ್ತು. ಮಾವ ಮೊರದ ಮುಂದೆ ಕೂತು ಬಹಳ ಹೊತ್ತು ಮೀಸೆ ಮುಟ್ಟಿಕೊಂಡರು. ನನಗೆ ಅಯ್ಯೋ ಅನಿಸಿತು, ನಗುವೂ ಬಂತು. ರಸ್ತೆ ಪಕ್ಕದಲ್ಲಿ ಚಿನ್ನದಂಥ ಗೋಧಿ ನಿಂತಿದೆ, ಅದು ತನ್ನದು ಎನ್ನಲು ಈ ಮನುಷ್ಯನಿಗೆ ಬಾಯಿಲ್ಲ!

ತೊಟ್ಟಿಲ ಹಿಂದಿನ ದಿನ ಸಂಜೆ ಬೀಗರು ಬಂದರು. ನಾನೂ ಅದೇ ಬಸ್ಸಿನಲ್ಲಿ ಶಿಕಾರಿಪುರದಿಂದ ಬರುತ್ತಿದ್ದೆ. ಇಳಿದದ್ದು ಹೊಲದ ಎದುರಿಗೇ. ಮಾವ ಕರೆದೊಯ್ಯಲು ನಿಂತಿದ್ದರು, ಜೊತೆಗೆ ಬಸ್ಸಿಗೆ ಕಾಯುತ್ತಿದ್ದ ಊರಿನ ನಾಲ್ಕು ಜನ. ಬೀಗರು ಕೈಕುಲುಕುವುದನ್ನೂ ಮರೆತು ಹೊಲಕ್ಕೇ ಇಳಿದರು. ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಕಾಳು ಬಾಯಿಗೆ ಹಾಕಿಕೊಂಡು ಕಟುಮ್ ಅನ್ನಿಸಿದರು.

“ನೀರಿಲ್ಲದ ಹೊಲದಾಗ ಇಂಥಾ ಗೋಧಿ! ಯಾರದ್ರೀ ಬೀಗರ ಇದು?”

ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ ಬಾಯಿ ಹಾಕಿಯೇಬಿಟ್ಟ. “ಅದು ಮಾವಂದಲ್ಲ. ಸೊರಬದೋರು ಲಾವಣಿಗೆ ಮಾಡ್ಯಾರೆ.”

ಮಾವ ನನ್ನನ್ನು ನೋಡಿದರು. ಸುಮ್ಮನಿದ್ದರೆ ಮೀಸೆ ಹೋಗುತ್ತದೆ. ಹೇಳಿದರೆ ಜೀವಮಾನವೆಲ್ಲ ಹಿಟ್ಟು ಹಿಟ್ಟು ಎಂದು ಸಾರಿದ ಮಾತು, ಈ ನಾಲ್ಕು ಜನರ ಎದುರಿಗೇ, ಮಣ್ಣುಪಾಲು. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ನಂದೇ ಬೀಗ್ರೆ” ಅಂದರು. “ಲಾವಣಿ ಗೀವಣಿ ಎಲ್ಲ ಸುಳ್ಳು, ನಾನೇ ಹುಟ್ಟಿಸಿದ್ದು. ನನ್ನ ಹೊಲ, ನಾನೇ ಬಿತ್ತಿದ್ದು. ಆದ್ರೆ ನಾನು ಉತ್ತಿಲ್ಲ. ಯಾರೂ ಉತ್ತಿಲ್ಲ. ನಮ್ಮನೆಯೋಳು ಉಳಾಕೆ ಬಿಡಲಿಲ್ಲ. ನಾನು ಉತ್ತಿದ್ದು ನೋಡ್ಬೇಕಾ? ಅಲ್ಲೈತೆ ನೋಡ್ರಿ ಹಿಂದೆ, ಬೋಳು ತಲೆ ಆಗಿರೋದು!”

ಎಲ್ಲರೂ ಹಿಂದಿನ ಅರ್ಧದ ಕಡೆ ಕತ್ತು ತಿರುಗಿಸಿದರು. ಆಮೇಲೆ ಬೀಗರು ನಗಲು ಶುರು ಮಾಡಿದರು, ಊರಿನ ನಾಲ್ವರು ಸೇರಿಕೊಂಡರು, ಕೊನೆಗೆ ಮಾವ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಾನು ಅಷ್ಟು ಸಂತೋಷಪಟ್ಟ ಸಂಜೆಗಳು ಕಡಿಮೆ. ನಗು ನಿಂತ ಮೇಲೆ ಮಾವ ಬಗ್ಗಿ, ಕೂಳೆಯ ಬುಡ ಕೆದಕಿ, ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿಟ್ಟು ಉಫ್ ಎಂದು ಊದಿದರು. ಹಾರಲಿಲ್ಲ. ಮತ್ತೆ ಊದಿದರು, ಕೆನ್ನೆ ಉಬ್ಬಿಸಿ. ಊಹೂಂ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಯ ಕಡೆ ಹೊರಟರು.

ಮರುದಿನದ ಹುಗ್ಗಿಯ ವಿಷಯ ಹೇಳಿಬಿಡುತ್ತೇನೆ. ಅಕ್ಕ ಮೊದಲೇ ರಸ್ತೆಯ ಕಡೆಯ ಅರ್ಧದ ಒಳಮೂಲೆಯಿಂದ ಸಾಕಷ್ಟು ಕೊಯ್ಸಿ, ತೆನೆ ಬಡಿಸಿ, ಕಾಳು ಕುಟ್ಟಿಸಿ ಒಳಗಿಟ್ಟಿದ್ದರು, ಗಂಡನಿಗೆ ಒಂದು ಮಾತೂ ಹೇಳದೆ. ಬೀಗರು ಸಾಕು ಅಂದದ್ದು ಎಲೆಯ ಮೇಲೆ ಬಗ್ಗಲಾಗದಂತಾದ ಮೇಲೆ. ಆಮೇಲಿನ ವರ್ಷಗಳಲ್ಲಿ ಮಾವನನ್ನು ಉಳಲು ಕರೆದವರ ಕಷ್ಟ ಕೇಳಬೇಡಿ. “ಯಾಕೆ ಇಷ್ಟೊಂದು ಸಲ? ಒಂದ್ ಸಾಲು ಸಾಕು. ರವದಿಗೆ ಬೆಂಕಿ ಹಾಕಿದ್ರೆ ನಾನು ಬರಲ್ಲ ನೋಡು” ಎಂದು ತನ್ನ ದುಡಿಮೆಗೆ ತಾನೇ ಕಲ್ಲು ಹಾಕಿಕೊಳ್ಳುವರು. ಬಸ್ಸಿನ ಕಿಟಕಿಯಿಂದ ಬೈಯುವುದು ಮಾತ್ರ ನಿಲ್ಲಲಿಲ್ಲ. ಈಗ ಹಿಟ್ಟು ಮಾಡಿದವರನ್ನು ಬೈಯುತ್ತಿದ್ದರು.

ಆದರೆ ಮಾವ ಎಂದಾಗ ನನಗೆ ನೆನಪಾಗುವುದು ಆ ಸಂಜೆ ಮನೆ ಮುಟ್ಟಿದ ಮೇಲಿನದು. ಬೀಗರು ಹೊಸ್ತಿಲಲ್ಲೇ ಎಲ್ಲಾ ಕತೆಯನ್ನೂ ಹೇಳಿದರು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೇಳಿದರು.

“ಓಹೋ, ಲಾವಣಿಗೆ ಹಿಡಿದ ಸೊರಬದೋರು ಅಂದ್ರೆ ನಾನೇ ಅಲ್ಲನ? ಹಂಗಾದ್ರೆ ಅರ್ಧ ಗೋಧಿ ನಂದು. ಅಳೆದು ಕೊಡಿ.”

“ಅರ್ಧ ಯಾಕೆ, ಪೂರ್ತಿ ತಗೋ” ಅಂದರು ಮಾವ.

ಕೈಕಾಲು ತೊಳೆದು, ಆ ಮುಷ್ಟಿಯೊಂದನ್ನು ಮಾತ್ರ ತೊಳೆಯದೆ, ಬಾಣಂತಿಯ ಕೋಣೆಯ ಬಾಗಿಲಿಗೆ ಹೋದರು, ಮೀಸೆಯ ಸಮೇತ. ಮಗಳ ಮಡಿಲಲ್ಲಿ ಮಗು ಮಲಗಿತ್ತು. ಮುಷ್ಟಿ ಬಿಚ್ಚಿದರು. ಅಂಗೈಯ ಶಾಖಕ್ಕೂ ಆ ಮಣ್ಣು ಒಣಗಿರಲಿಲ್ಲ. ತೋರುಬೆರಳಿನಿಂದ ಒಂದಿಷ್ಟು ತೆಗೆದು ಮಗುವಿನ ಅಂಗಾಲಿಗೆ ದೃಷ್ಟಿಬೊಟ್ಟು ಇಟ್ಟರು.

“ಎಂತದಿದು! ಮನೇಲಿ ಕಾಡಿಗೆ ಇಲ್ಲನ? ಹಸುಗೂಸಿಗೆ ಹೊಲದ ಮಣ್ಣು ಮೆತ್ತೋದ?” ಅಕ್ಕ ಓಡಿಬಂದರು.

“ಕಾಡಿಗೆ ಇಷ್ಟು ಹಸಿ ಇರಲ್ಲ ಕಣೇ” ಅಂದರು ಮಾವ.

ಅಕ್ಕ ಆ ರಾತ್ರಿ ಊಟದ ತನಕ ಬೈಯುತ್ತಲೇ ಇದ್ದರು. ಬೊಟ್ಟನ್ನು ಮಾತ್ರ ಒರೆಸಲಿಲ್ಲ.